ಉದ್ದಿಮೆಗೆ ಊರಿನ ಹಂಗೇಕೆ?



ಕಳೆದ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದರು: "ಸಂಘ ಇರುವುದು ನಮ್ಮ ಅಡಿಕೆ, ಕಾಫಿಗೆ ನ್ಯಾಯವಾದ ಬೆಲೆ ಕೊಡಿಸಲಿಕ್ಕೆ. ಶಾಲೆಗೆ ಬೆಂಚು, ಕೊನೆಗಾರರಿಗೆ ವಿಮೆ ಎಂದು ಲಾಭ ಹಂಚುತ್ತ ಹೋದರೆ ನಮ್ಮ ಡಿವಿಡೆಂಡಿನ ಗತಿ ಏನು?" ಪ್ರಶ್ನೆ ಸಾಧುವಾದದ್ದೇ. ಆ ದಿನ ಊಟದ ಹೊತ್ತು ಮೀರಿತ್ತು. ನಾವು ಸರಿಯಾದ ಉತ್ತರ ಕೊಡಲಿಲ್ಲ. ಈಗ ಕೊಡಲು ಪ್ರಯತ್ನಿಸುತ್ತೇವೆ.

ದೂರ ಹೋಗಬೇಕಾಗಿಲ್ಲ, ಭದ್ರಾವತಿಯನ್ನೇ ನೋಡೋಣ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಆ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲಿಗೆ ಸುಟ್ಟ ಮರ ನಮ್ಮ ಮಲೆನಾಡಿನದು, ನೀರು ಭದ್ರೆಯದು. ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಅದಿರು, ಮರ, ನೀರು ಎಲ್ಲವೂ ಹತ್ತಿರ ಸಿಕ್ಕವು. ಸಿಗದೆ ಇದ್ದದ್ದು ಆಳು. ಮಲೆನಾಡೆಂದರೆ ಚಳಿಜ್ವರವೆಂದು ಬಯಲುಸೀಮೆಯವರು ಹೆದರುತ್ತಿದ್ದ ಕಾಲ ಅದು. ಬಂದ ಕೆಲಸಗಾರ ನಿಲ್ಲಬೇಕಾದರೆ ಮನೆ ಬೇಕು, ಹೆಂಡತಿಮಕ್ಕಳಿಗೆ ಔಷಧ ಬೇಕು, ಶಾಲೆ ಬೇಕು. ಹೀಗೆ ಕಾರ್ಖಾನೆಯ ಸುತ್ತ ವಸತಿ, ಆಸ್ಪತ್ರೆ, ಶಾಲೆಗಳು ಎದ್ದವು. ಅದು ಧರ್ಮಛತ್ರವಲ್ಲ. ಜನ ನಿಲ್ಲದಿದ್ದರೆ ಕುಲುಮೆ ಆರುತ್ತಿತ್ತು, ಅಷ್ಟೇ. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯದೂ ಇದೇ ಕಥೆ. ಅದರ ಹೆಸರಿನಲ್ಲೇ ಪೇಪರ್‌ಟೌನ್ ಬೆಳೆಯಿತು.

ಈ ಹಂಗು ಎಷ್ಟು ಆಳವಾದದ್ದೆಂದು ತಿಳಿದದ್ದು ಕಾರ್ಖಾನೆಗಳು ಸೊರಗಿದಾಗ. 2015-16ರ ಸುಮಾರಿಗೆ ಕಾಗದದ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಂಗಾಲಾದವರು ಕಾರ್ಮಿಕರು ಮಾತ್ರವಲ್ಲ. ತರಕಾರಿ ಮಾರುವವಳಿಂದ ಸೈಕಲ್ ಶಾಪಿನವನವರೆಗೆ ಎಲ್ಲರೂ. ಅದೇ ವರ್ಷ ಬಾರ್ ಮಿಲ್ ಮತ್ತೆ ಓಡಿತು ಎಂಬುದು ಬೇರೆ ಮಾತು. ಊರಿನ ಅರ್ಧ ಹೊಣೆ ಹೊತ್ತ ಸಂಸ್ಥೆ ಹೊರಟರೆ ಆ ಹೊಣೆ ಯಾರದು? ಇದಕ್ಕೆ ನಮ್ಮಲ್ಲಿ ಸುಲಭದ ಉತ್ತರವಿಲ್ಲ.

ಈಗ ಕಾನೂನೂ ಇದೆ. 2013ರ ಕಂಪನಿ ಕಾಯಿದೆಯ 135ನೇ ಕಲಮಿನಂತೆ ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೆ 1,000 ಕೋಟಿ ವಹಿವಾಟು, ಇಲ್ಲವೆ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕು. ಸಹಕಾರ ಸಂಘಗಳಿಗೆ ಇದು ಅನ್ವಯಿಸುವುದಿಲ್ಲ. ಆದರೆ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಅಂಗೀಕರಿಸಿದ ಏಳು ತತ್ವಗಳಲ್ಲಿ ಕೊನೆಯದು ಸಮುದಾಯದ ಕಾಳಜಿಯೇ. ಕಂಪನಿಗೆ ಊರು ಹೊರಗಿನದು. ನಮಗೆ ಹಾಗಲ್ಲ, ಷೇರುದಾರನೂ ಊರಿನವನೇ, ಅವನ ಮಗು ಕೂರುವುದೂ ಅದೇ ಬೆಂಚಿನ ಮೇಲೆ.

ನಮ್ಮ ಲೆಕ್ಕಕ್ಕೇ ಬರೋಣ. ಕೊನೆಗಾರನೊಬ್ಬ ಮರದಿಂದ ಬಿದ್ದು ಸೊಂಟ ಮುರಿದುಕೊಂಡರೆ ಅವನ ತಮ್ಮ ಮುಂದಿನ ವರ್ಷ ಮರ ಹತ್ತುವನೆ? ಈಗಲೇ ಆಳಿಗೆ ಕಾದು ಕಾದು ಕೊನೆ ಹಣ್ಣಾಗಿ ಉದುರುತ್ತಿವೆ. ವಿಮೆಯ ಕಂತು ನಮಗೆ ದಾನವಾಗಿ ಕಾಣುವುದಿಲ್ಲ. ಗೊಬ್ಬರದ ಹಾಗೆ ತೋಟದ ಖರ್ಚಾಗಿಯೇ ಕಾಣುತ್ತದೆ.

ಕಾಫಿ ಪಲ್ಪರಿನ ನೀರಿನ ವಿಷಯವೂ ಇದೆ. ಹಣ್ಣಿನ ಅಂಟಿನಲ್ಲಿರುವ ಸಕ್ಕರೆ ಹಳ್ಳ ಸೇರಿ ಹುಳಿಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ತಿಂದುಹಾಕುತ್ತದೆ. ಮೀನು ಸಾಯುತ್ತವೆ, ಕೆಳಗಿನವರ ದನ ಮೂಸಿ ನೋಡಿ ಹಿಂದೆ ಸರಿಯುತ್ತವೆ. ಅಡಿಕೆ ಸಿಪ್ಪೆಯ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ. ರಸ್ತೆ ಬದಿ ಸುರಿದು ಬೆಂಕಿ ಇಟ್ಟರೆ ಹೊಗೆಯಲ್ಲಿ ಎದುರಿನ ಬಸ್ಸೇ ಕಾಣುವುದಿಲ್ಲ. ನಾವೂ ಒಂದು ಕಾಲದಲ್ಲಿ ಸುರಿದವರೇ. ಈಗ ಸಗಣಿ ಬೆರೆಸಿ ಕೊಳೆಸಿ ಅಡಿಕೆ ಬುಡಕ್ಕೇ ಹಾಕುತ್ತಿದ್ದೇವೆ. ಸಿಪ್ಪೆಯನ್ನು ರಸ್ತೆಗೆ ಚೆಲ್ಲಿ, ಅದೇ ರಸ್ತೆಯಲ್ಲಿ ಹೆಸರು ಕೆತ್ತಿಸಿದ ಬಸ್ ತಂಗುದಾಣ ಕಟ್ಟಿಸುವುದನ್ನು ಸಮಾಜಸೇವೆ ಎನ್ನಲು ನಮಗೆ ಮನಸ್ಸು ಬಾರದು.

ಹಿರಿಯ ಸದಸ್ಯರ ಆಕ್ಷೇಪದಲ್ಲಿ ಒಂದಂಶವನ್ನು ಮಾತ್ರ ಪೂರ್ತಿ ಒಪ್ಪುತ್ತೇವೆ: ಯಾವುದಕ್ಕೆ ಎಷ್ಟು ಎಂಬುದನ್ನು ಆಡಳಿತ ಮಂಡಳಿ ತನ್ನಷ್ಟಕ್ಕೆ ನಿರ್ಧರಿಸಕೂಡದು. ಕೊನೆಗಾರರ ವಿಮೆ ಮತ್ತು ಸಿಪ್ಪೆ ಗೊಬ್ಬರದ ಗುಂಡಿಗೆ ಸಹಾಯಧನ, ಇವೆರಡನ್ನೂ ಮುಂದಿನ ಮಹಾಸಭೆಯ ವಿಷಯಪಟ್ಟಿಯಲ್ಲಿ ಬೇರೆ ಬೇರೆಯಾಗಿಯೇ ಇಡುತ್ತಿದ್ದೇವೆ. ಬೇಡ ಎನ್ನುವವರೂ ತಪ್ಪದೆ ಬರಬೇಕು. ಅಭಿಪ್ರಾಯವನ್ನು ಲಿಖಿತವಾಗಿ ಕಚೇರಿಗೆ ಮುಂಚಿತವಾಗಿ ತಲುಪಿಸಿದರೆ ಸಭೆಯಲ್ಲಿ ಓದಿ ಹೇಳುತ್ತೇವೆ. ಈ ಸಲ ಊಟಕ್ಕೆ ಮೊದಲೇ.