ಮೂರು ನಿಮಿಷದ ತಟ್ಟೆಯಿಂದ ಧಾರವಾಡದ ಬಾನುಲಿಗೆ

ಚಿಕ್ಕನರಗುಂದದಿಂದ ಬಹುದೂರವಿಲ್ಲದ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರನ್ನು ಹನ್ನೊಂದನೆಯ ವಯಸ್ಸಿಗೇ ಮನೆ ಬಿಡಿಸಿದ್ದು ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ. ಅಂಥ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ಚಿಲ್ಲರೆ ನಿಮಿಷದ ಹಾಡು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಗವಾಯಿಗಳು ಅಷ್ಟರಲ್ಲೇ ಅಡಕಗೊಳಿಸಬೇಕಿತ್ತು.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ರಾಗಕ್ಕೆ ತುಸು ಬಿಡುವು ದೊರೆಯಿತು. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು; ಮಾತಿನ ಕಾರ್ಯಕ್ರಮಗಳಿಗೆ ಎನ್ಕೆ ಕುಲಕರ್ಣಿಯವರಂಥ ಸಾಹಿತಿಗಳಿದ್ದರು. ಸಂಜೆ ರೇಡಿಯೋ ಮುಂದೆ ಕುಳಿತ ರಸಿಕರಿಗೆ ಅದು ಟಿಕೀಟಿಲ್ಲದ ಬೈಠಕ್. ಕೊರತೆಯೊಂದೇ: ನಾಟಕ ಕಂಪನಿಗಳ ಈ ಸೀಮೆಗೆ ಅಚ್ಚುಮೆಚ್ಚಾದ ಹಾರ್ಮೋನಿಯಂ. ಅದರ ಸ್ಥಿರ ಸ್ವರಗಳು ಮೀಂಡಕ್ಕೆ ಒಗ್ಗವೆಂಬ ವಾದಕ್ಕೆ ಓಗೊಟ್ಟು ಆಕಾಶವಾಣಿ 1940ರಲ್ಲೇ ಅದನ್ನು ಹೊರಗಿಟ್ಟಿತ್ತು. ನಿಷೇಧ ಸಡಿಲವಾದದ್ದು 1971ರಲ್ಲಿ. ಅಲ್ಲಿಯವರೆಗೆ ಸಾಥಿಗೆ ಸಾರಂಗಿಯೇ ಗತಿ.