ದಾರಿಯನ್ನು ಕಂಡು ಹೇಳುವ ಯಂತ್ರ

ಮೋಟಾರಿನಲ್ಲಿ ಹೋಗುತ್ತಿರುವಾಗ ಸಾರಥಿಯು ಒಮ್ಮೆಗೇ ಬ್ರೇಕು ಹಾಕಿದನೆಂದು ಇಟ್ಟುಕೊಳ್ಳೋಣ. ಹಿಂದೆ ಕುಳಿತ ಅಜ್ಜಿಯವರು "ಏಕಪ್ಪಾ?" ಎಂದು ಕೇಳುವರು. "ಚೆಂಡೊಂದು ಬೀದಿಗೆ ಉರುಳಿ ಬಂದಿತು ತಾಯಿ, ಅದರ ಹಿಂದೆಯೇ ಮಗುವೂ ಬಂದೀತು" ಎಂದು ಅವನು ಹೇಳುವನು. ಮಗುವನ್ನು ಅವನು ಕಂಡಿಲ್ಲ. ಕಂಡುದು ಚೆಂಡನ್ನು ಮಾತ್ರ. ಆದರೂ ಅಜ್ಜಿಗೆ ಸಮಾಧಾನವಾಗುವುದು. ಸಾರಥಿಯಿಲ್ಲದೆ ತಾನೇ ಓಡುವ ಗಾಡಿಗೆ ಇದೇ ಪ್ರಶ್ನೆಯನ್ನು ಹಾಕಿದರೆ ಉತ್ತರ ಬರುವುದೆ?

ಬರಿಸಬೇಕೆಂದು ವಿದ್ವಾಂಸರು ಶ್ರಮಿಸುತ್ತಿರುವರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದವರು 2018ರಲ್ಲಿ ಸುಮಾರು 77 ಗಂಟೆಗಳಷ್ಟು ದಾರಿಯ ಚಲಚ್ಚಿತ್ರಗಳನ್ನು ಜನರಿಗೆ ತೋರಿಸಿ, ತಮ್ಮನ್ನು ವಾಹನ ಕಲಿಸುವ ಗುರುಗಳೆಂದು ಭಾವಿಸಿಕೊಂಡು, ಗಾಡಿಯು ಏನು ಮಾಡಿತು, ಏಕೆ ಮಾಡಿತು ಎಂಬೆರಡನ್ನೂ ಬರೆಯುವಂತೆ ಕೇಳಿಕೊಂಡರು. ಆ ಬರಹವೇ ಯಂತ್ರಕ್ಕೆ ಪಾಠವಾಯಿತು.

ಈಗ ಈ ಕಾರ್ಯಕ್ಕೆ ಬೃಹತ್ ಭಾಷಾ ಮಾದರಿಗಳೆಂಬ ಕಂಪ್ಯೂಟರು ವ್ಯವಸ್ಥೆಗಳನ್ನು ತೊಡಗಿಸಿರುವರು. ಚಲಚ್ಚಿತ್ರವೆಂದರೆ ನಿಂತ ಚಿತ್ರಗಳ ಸಾಲೇ ಅಲ್ಲವೆ? ಅವುಗಳಲ್ಲಿ ಕೆಲವನ್ನು ಆರಿಸಿ, ಒಂದೊಂದನ್ನೂ ಕೊಬ್ಬರಿ ಮಿಠಾಯಿಯನ್ನು ಕೊಯ್ದಂತೆ ಚಿಕ್ಕ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದು ಚೌಕವನ್ನೂ ಅಂಕಿಗಳ ಸಾಲಾಗಿ ಮಾರ್ಪಡಿಸುವರು. ಈ ಅಂಕಿಗಳು ಪ್ರಶ್ನೆಯ ಮಾತುಗಳ ಪಕ್ಕದಲ್ಲಿ ತಾವೂ ಮಾತುಗಳೋ ಎಂಬಂತೆ ನಿಲ್ಲುವುವು. ಅಪಾರವಾದ ಬರಹದ ರಾಶಿಯನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬಂದೀತೆಂದು ಊಹಿಸಲು ಕಲಿತಿರುವ ಮಾದರಿಯು ಎರಡನ್ನೂ ಕೂಡಿಸಿಕೊಂಡು ಉತ್ತರವನ್ನು ಪದಪದವಾಗಿ ಕಟ್ಟುವುದು. ಇಂಗ್ಲೆಂಡಿನ ವೇವ್ ಸಂಸ್ಥೆಯವರು 2023ರಲ್ಲಿ ಪ್ರಕಟಿಸಿದ ಲಿಂಗೋ-1 ಎಂಬುದು ಹೀಗೆ ದಾರಿಯನ್ನು ವರ್ಣಿಸಬಲ್ಲದಾಗಿತ್ತು. ಮರುವರ್ಷದ ಲಿಂಗೋ-2 ಮಾತನಾಡುತ್ತಲೇ ಗಾಡಿಯನ್ನೂ ನಡೆಸಿತು.

ಊಹೆಯಿಂದ ಕಟ್ಟಿದ ಉತ್ತರ ಎಂಬಲ್ಲಿಯೇ ನಮಗೆ ಅಳುಕು. 2025ರಲ್ಲಿ ಪ್ರಕಟವಾದ ಡ್ರೈವ್‌ಬೆಂಚ್ ಎಂಬ ಪರೀಕ್ಷೆಯಲ್ಲಿ ಇಂತಹ 12 ಮಾದರಿಗಳನ್ನು ಒರೆಗೆ ಹಚ್ಚಿದರು. ಚಿತ್ರಗಳನ್ನು ಮಸುಕು ಮಾಡಿದರು. ಕಡೆಗೆ ಚಿತ್ರವನ್ನೇ ಕೊಡದೆ ಬರಿಯ ಪ್ರಶ್ನೆಯನ್ನು ಕೇಳಿದರು. ಆಗಲೂ ಅನೇಕ ಉತ್ತರಗಳು ಕಣ್ಣಾರೆ ಕಂಡು ಹೇಳಿದಂತೆಯೇ ಇದ್ದುವು! ಮುಂದಿನ ಗಾಡಿ ಏನು ಮಾಡುತ್ತಿದೆ ಎಂದು ಕೇಳಿದರೆ, ನೆಟ್ಟಗೆ ಹೋಗುತ್ತಿದೆ ಎಂದುಬಿಟ್ಟರೆ ಬಹುಮಟ್ಟಿಗೆ ಸರಿಯೇ ಆಗುವುದಷ್ಟೆ. ಪಾಠವನ್ನೋದದೆ ಪರೀಕ್ಷೆಗೆ ಕುಳಿತು ತೇರ್ಗಡೆಯಾದ ಸಹಪಾಠಿಗಳು ನಮಗೆ ನೆನಪಿಗೆ ಬಂದರು.

ಅಭ್ಯಾಸದಿಂದ ಹುಟ್ಟಿದ ಊಹೆಯು ಅಭ್ಯಾಸ ನಡೆದ ಬೀದಿಗೆ ಒಪ್ಪುವುದು. 2016ರಲ್ಲಿ ಹೊರಬಂದು ಹೆಸರಾದ ಸಿಟಿಸ್ಕೇಪ್ಸ್ ಎಂಬ ಚಿತ್ರಸಂಗ್ರಹದ 50 ನಗರಗಳು ಹೆಚ್ಚಾಗಿ ಜರ್ಮನಿಯವು. ಅಲ್ಲಿ ಆಟೋರಿಕ್ಷಾಕ್ಕೆ ಹೆಸರಿಲ್ಲ. ಹೈದರಾಬಾದಿನ ಐಐಐಟಿಯವರು ಬೆಂಗಳೂರು, ಹೈದರಾಬಾದುಗಳಲ್ಲಿಯೂ ಅವುಗಳ ಸುತ್ತಮುತ್ತಲೂ 182 ಸಂಚಾರಗಳಿಂದ 10,004 ಚಿತ್ರಗಳನ್ನು ಆಯ್ದು 2018ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಆಟೋರಿಕ್ಷಾಕ್ಕೂ ಪ್ರಾಣಿಗಳಿಗೂ ಪ್ರತ್ಯೇಕ ಸ್ಥಾನವುಂಟು. ರಸ್ತೆಯ ನಡುವೆ ಮಲಗಿದ ಹಸುವನ್ನು ಬಲ್ಲ ನಮಗೆ ಇದರಿಂದ ಸಂತೋಷ.

ಆದರೆ ಸಂಗ್ರಹ ಬೆಳೆದ ಮಾತ್ರಕ್ಕೆ ಅಜ್ಜಿಯವರ ಪ್ರಶ್ನೆಗೆ ಉತ್ತರ ದೊರೆಯದು. ಅದೇ ಚಿತ್ರವನ್ನು ಎರಡು ಸಲ ತೋರಿಸಬೇಕು, ಒಮ್ಮೆ ಚೆಂಡಿನೊಡನೆ, ಒಮ್ಮೆ ಚೆಂಡನ್ನು ಅಳಿಸಿ. ಎರಡನೆಯ ಸಲವೂ ಯಂತ್ರವು ಚೆಂಡಿನ ಮಾತನ್ನೇ ಆಡಿದರೆ, ಮೊದಲನೆಯ ಸಲವೂ ಅದು ಚೆಂಡನ್ನು ಕಂಡಿತ್ತೆಂದು ನಂಬುವುದು ಹೇಗೆ?