‘ಅದ’, ‘ಐತಿ’: ಒಂದೇ ಊರಿನ ಎರಡು ಮಾತು

ಧಾರವಾಡದ ಲೈನ್ ಬಜಾರಿನಲ್ಲಿ ಫೇಡೆ ಅಂಗಡಿ ಎಲ್ಲಿದೆ ಎಂದು ಕೇಳಿದರೆ ಒಬ್ಬರು ‘ಅಲ್ಲೇ ಅದ ರೀ’ ಎನ್ನುತ್ತಾರೆ, ಇನ್ನೊಬ್ಬರು ‘ಅಲ್ಲೇ ಐತ್ರಿ’ ಎನ್ನುತ್ತಾರೆ. ಪರಸ್ಥಳದವರಿಗೆ ಎರಡೂ ಒಂದೇ ಧಾರವಾಡ ಕನ್ನಡ. ಊರಿನ ಹಳಬರ ಕಿವಿಗೆ ಮಾತ್ರ ಆ ಒಂದು ಪದ ಸಾಕು, ಮಾತನಾಡಿದವರ ಮನೆತನದ ಸುಳಿವು ಸಿಕ್ಕಿಬಿಡುತ್ತದೆ.

ಎಲ್ಲರಿಗೂ ಗೊತ್ತಿದ್ದ ಈ ಗುಟ್ಟನ್ನು ವಿದ್ವಾಂಸರು ಬೇಗನೆ ಗಮನಿಸಿದರು. ಮಾನವಶಾಸ್ತ್ರಜ್ಞ ವಿಲಿಯಂ ಮೆಕಾರ್ಮ್ಯಾಕ್ ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳನ್ನು ಕುರಿತ ಲೇಖನ ಪ್ರಕಟಿಸಿದ್ದು 1960ರಲ್ಲಿ. ಅದೇ ವರ್ಷ ಭಾಷಾಶಾಸ್ತ್ರಜ್ಞ ವಿಲಿಯಂ ಬ್ರೈಟ್ ಬ್ರಾಹ್ಮಣರ ಮತ್ತು ಒಕ್ಕಲಿಗರ ಕನ್ನಡವನ್ನು ಹೋಲಿಸಿ ಬರೆದರು. ಸಮಾಜಭಾಷಾಶಾಸ್ತ್ರಕ್ಕೆ ಅಡಿಗಲ್ಲು ಎನಿಸಿದ ವಿಲಿಯಂ ಲಬೋವ್ ಅವರ ನ್ಯೂಯಾರ್ಕ್ ಅಧ್ಯಯನ ಅಚ್ಚಾದದ್ದು ಅದಾದ ಮೇಲೆ, 1966ರಲ್ಲಿ.

ಮುಂದೆ ಈ ವ್ಯತ್ಯಾಸಗಳು ಪುಟ್ಟ ಕೋಷ್ಟಕವಾಗಿ ಪೀಟರ್ ಟ್ರಡ್ಗಿಲ್ ಅವರ ಪಠ್ಯಪುಸ್ತಕ (1974) ಸೇರಿದವು. ದೂರದೇಶಗಳ ಪದವಿ ವಿದ್ಯಾರ್ಥಿಗಳೂ ಧಾರವಾಡದ ಹೆಸರನ್ನು ಅಲ್ಲಿ ಓದಿದರು. ಕೋಷ್ಟಕದ ಪ್ರಕಾರ ಧಾರವಾಡದ ಬ್ರಾಹ್ಮಣರದು ‘ಅದ’, ಬೆಂಗಳೂರಿನ ಬ್ರಾಹ್ಮಣರದು ‘ಇದೆ’. ಬ್ರಾಹ್ಮಣೇತರರದು ಎರಡೂ ಊರಿನಲ್ಲಿ ‘ಐತಿ’. ‘ಒಳಗೆ’ ಎಂಬರ್ಥದ ಪ್ರತ್ಯಯವೂ ಹಾಗೆಯೇ: ಒಂದು ವರ್ಗದಲ್ಲಿ ಧಾರವಾಡಕ್ಕೆ ‘ಒಳಗೆ’, ಬೆಂಗಳೂರಿಗೆ ‘ಅಲ್ಲಿ’, ಇನ್ನೊಂದು ವರ್ಗದಲ್ಲಿ ಎರಡೂ ಕಡೆ ‘ಆಗ’. ಅಂದರೆ ನಡುವೆ 400 ಕಿ.ಮೀ.ಗೂ ಹೆಚ್ಚು ಅಂತರವಿರುವ ಎರಡು ಊರಿನ ಒಕ್ಕಲು ಮಕ್ಕಳ ಮಾತು ಹತ್ತಿರ. ಒಂದೇ ಪೇಟೆಯ ಎರಡು ಓಣಿಗಳ ಮಾತು ದೂರ. ಜಾತಿಯ ಗೋಡೆ ಊರುಗಳ ನಡುವಿನ ದೂರಕ್ಕಿಂತ ದೊಡ್ಡದಾಗಿತ್ತು.

ಕೋಷ್ಟಕವನ್ನು ಪೂರ್ತಿ ನಂಬಬೇಕಾಗಿಲ್ಲ. ಬೆಂಗಳೂರಿನ ಕಡೆ ಕೇಳುವುದು ‘ಐತೆ’. ಕಲಬುರಗಿಯತ್ತ ಹೋದರೆ ‘ಅದ’ ಎಲ್ಲ ಜಾತಿಯವರ ಬಾಯಲ್ಲೂ ಇದೆ. ಮನೆಯಲ್ಲಿ ದಖನಿ ಉರ್ದು, ಮರಾಠಿ ಆಡುವವರ ಕನ್ನಡಕ್ಕೆ ಅಲ್ಲಿ ಜಾಗವೇ ಇಲ್ಲ. ಧಾರವಾಡದ ಆಡುನುಡಿಯನ್ನು ಕಾವ್ಯಕ್ಕೆ ಏರಿಸಿದ ಬೇಂದ್ರೆಯವರ ಮನೆಮಾತೇ ಮರಾಠಿಯಾಗಿತ್ತು!

ಇನ್ನು ಶಾಲೆಯ ಮಾತು. ಪಠ್ಯಪುಸ್ತಕದಲ್ಲಿರುವುದು ‘ಇದೆ’. ಆ ಲೆಕ್ಕದಲ್ಲಿ ‘ಅದ’ವೂ ತಪ್ಪು, ‘ಐತಿ’ಯೂ ತಪ್ಪು. ಆದರೂ ‘ಹಳ್ಳಿ ಮಾತು’ ಎಂಬ ನಗೆಗೆ ಗುರಿಯಾಗುವುದು ಹೆಚ್ಚಾಗಿ ಎರಡನೆಯದೇ. ಹೀಗೆ ನಗೆಗೀಡಾದ ಹುಡುಗ ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ವಿಚಿತ್ರವೆಂದರೆ, ಕೋಷ್ಟಕವನ್ನೇ ಒಪ್ಪುವುದಾದರೆ ಎರಡೂ ಊರುಗಳಿಗೆ ಸಮಾನವಾಗಿರುವ ರೂಪ ಅವನದೇ.

ಈಗ ಕಾಲೇಜು, ಹಾಸ್ಟೆಲು, ದೂರದರ್ಶನ ಎಲ್ಲ ಮಾತುಗಳನ್ನೂ ಬೆರೆಸಿವೆ. ಹಾಗಾಗಿ ಹಳೆಯ ಕೋಷ್ಟಕವನ್ನು ಮತ್ತೆ ತೂಗಿ ನೋಡುವ ಕೆಲಸವಿದೆ. ಪದವಿ ವಿದ್ಯಾರ್ಥಿಯೊಬ್ಬ ಬಸ್ ಪಾಸು, ನೋಟುಬುಕ್ಕು ಇಟ್ಟುಕೊಂಡು ಮಾಡಬಹುದಾದ ಕೆಲಸ ಇದು. ಆದರೆ ‘ನೀವು ಅದ ಅಂತೀರೋ, ಐತಿ ಅಂತೀರೋ’ ಎಂದು ನೇರವಾಗಿ ಕೇಳಬಾರದು. ಕೇಳಿದೊಡನೆ ಜನ ನಾಲಿಗೆ ತಿದ್ದಿಕೊಳ್ಳುತ್ತಾರೆ. ಲಬೋವ್ ನ್ಯೂಯಾರ್ಕಿನ ದೊಡ್ಡ ಅಂಗಡಿಗಳಲ್ಲಿ ಒಂದು ಉಪಾಯ ಮಾಡಿದ್ದರು: ನಾಲ್ಕನೆಯ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆ ಎಂದು ಕೇಳುವುದು, ಕೇಳಿಸಲಿಲ್ಲ ಎಂಬಂತೆ ಮತ್ತೊಮ್ಮೆ ಹೇಳಿಸುವುದು. ಎರಡನೆಯ ಸಲದ ಉತ್ತರ ಎಚ್ಚರದ ಉತ್ತರ. ಸುಭಾಸ ರಸ್ತೆಯಲ್ಲಿ ಇದನ್ನೇ ಮಾಡಿ, ಮೊದಲು ‘ಐತ್ರಿ’ ಎಂದವರಲ್ಲಿ ಎಷ್ಟು ಮಂದಿ ಎರಡನೆಯ ಸಲ ‘ಇದೆ’ ಎನ್ನುತ್ತಾರೆಂದು ಎಣಿಸಬಹುದು.